ಸಾಲು ಮುರಿದ ಸುನ್ವಾ

ಮೂರು ವಾರದಿಂದ, ಡೆನ್ಮಾರ್ಕಿನ ಕೈಕೆಳಗಿನ ಫರೋ ದ್ವೀಪಗಳ ಸ್ಕಾರ್ವಿಕ್ ಊರಿನ ತಲೆಯ ಮೇಲೆ ಕೂತಿದ್ದ ಮಂಜು, ಬೇರೆ ದಿನವೇ ಸಿಗಲಿಲ್ಲವೇನೋ ಎಂಬಂತೆ, ಚುನಾವಣೆಯ ಬೆಳಿಗ್ಗೆಯೇ ಎದ್ದು ಹೋಯಿತು. ಆರು ಗಂಟೆಗೆ ಡೆಮ್ಮುಸ್ ಹೊಸ್ತಿಲಲ್ಲಿ ನಿಂತು ಗುಡ್ಡದ ನೆತ್ತಿ ನೋಡಿದ. ಮೂವತ್ತೊಂದು ವರ್ಷದಿಂದ ಊರಿನ ಕುರಿ ಯಜಮಾನ ಅವನೇ. ಮೇಲಿರುವ ನಾನೂರು ಕುರಿಗಳನ್ನು ಯಾವತ್ತು ಅಟ್ಟಿ ತರಬೇಕು, ಯಾರು ಎಲ್ಲಿ ನಿಲ್ಲಬೇಕು ಎಂದು ಹೇಳುವ ಹಕ್ಕು ಅವನೊಬ್ಬನದು. ಅವನು ಹೇಳಿದ ಮೇಲೆ ಪಾದ್ರಿಯಾದರೂ ಬೂಟು ಹಾಕಿಕೊಂಡು ಹೊರಡಬೇಕು.

"ಇವತ್ತೇ," ಎಂದ.

"ಅಪ್ಪಾ, ಇವತ್ತು ಓಟು!" ಮಗಳು ಸುನ್ವಾ ಕಾಫಿ ಲೋಟ ಕುಕ್ಕಿದಳು.

"ಓಟು ನಾಲ್ಕು ವರ್ಷಕ್ಕೊಂದ್ಸಲ ಬರತ್ತೆ. ಇಲ್ಲಿ ಬಿಸಿಲು ಅದಕ್ಕಿಂತ ಅಪರೂಪ."

"ನನ್ನ ಸೋಲಿಸೋಕೆ ಮಾಡಿದ ಪಿತೂರಿ ಇದು."

"ಹ್ಞೂಂ ಮತ್ತೆ, ಮಂಜಿಗೆ ನಾನೇ ಕಾಗದ ಬರೆದಿದ್ದೆ, ಎದ್ದು ಹೋಗಪ್ಪಾ ಅಂತ. ಬೂಟು ಹಾಕ್ಕೋ. ಹನ್ನೆರಡು ಕುರಿ ನಿನ್ನ ಪಾಲಿಗೂ ಇದೆ."

ಈ ಮನೆಯ ಕಥೆಯೇ ಹಾಗೆ. ಸುನ್ವಾಳ ಮುತ್ತಜ್ಜ, ಡೆನ್ಮಾರ್ಕಿನ ರಾಜ ಹಡಗಿನಲ್ಲಿ ಬಂದಾಗ ಹುಟ್ಟು ಹಾಕಿಕೊಂಡು ಹೋಗಿ ಕೈ ಕುಲುಕಿ ಬಂದವನು. ಆ ಕೈಯನ್ನು ವಾರಗಟ್ಟಲೆ ತೊಳೆಯಲಿಲ್ಲವಂತೆ. ರಾಜನ ಪಟ ಈಗಲೂ ನಡುಮನೆಯ ಗೋಡೆಯಲ್ಲಿದೆ. ತೀರಿಹೋದ ತಾಯಿಯ ಕಡೆಯವರು ಇನ್ನೊಂದು ತರಹ. ಆಕೆಯ ಅಪ್ಪ ಶಾಲೆಯಲ್ಲಿ ಡೇನಿಷ್ ಬಿಟ್ಟು ಫರೋ ನುಡಿಯಲ್ಲೇ ಪಾಠ ಹೇಳಿ ಕೆಲಸ ಕಳೆದುಕೊಂಡ ಮೇಷ್ಟ್ರು. ಈ ಎರಡು ರಕ್ತ ಒಂದೇ ಮೈಯಲ್ಲಿ ಹರಿದರೆ ಏನಾಗುತ್ತದೆ? ಸುನ್ವಾ ಆಗುತ್ತದೆ. ಮೀನಿನ ಕಾರ್ಖಾನೆಯಲ್ಲಿ ಚೂರಿ ಹಿಡಿದು ದುಡಿದಳು, ಅಲ್ಲಿನ ಹೆಂಗಸರ ಸಂಘ ಕಟ್ಟಿದಳು, ಓದಿ ವಕೀಲೆಯಾದಳು, ಊರಿನ ಪಂಚಾಯಿತಿಗೆ ಗೆದ್ದಳು. ಎಲ್ಲಿ ಹೋದರೂ ಒಂದೇ ಮಾತು: ನಮ್ಮ ನಾಡನ್ನು ನಾವೇ ಆಳಿಕೊಳ್ಳೋಣ, ಡೆನ್ಮಾರ್ಕ್ ಸಾಕು. ಹೀಗೆ ಇಪ್ಪತ್ತು ವರ್ಷ. ಹೋದ ಸಲ, ಊರೂರಿನ ಮತ ಕೂಡಿಸಿ ಹಂಚುವ ಸಂಸತ್ತಿನ ಸ್ಥಾನಗಳಲ್ಲಿ ಕೊನೆಯದು ಅವಳ ಕೈತಪ್ಪಿದ್ದು ಎರಡೇ ಎರಡು ಮತದಿಂದ. ಈ ಸಲವೂ ಸೋತರೆ ಮತ್ತೆ ಟಿಕೆಟ್ ಇಲ್ಲ ಎಂದು ಪಕ್ಷದವರು ಮುಖಕ್ಕೆ ಹೊಡೆದಂತೆ ಹೇಳಿದ್ದರು. ಅಪ್ಪನೋ, ಡೆನ್ಮಾರ್ಕಿನ ಜೊತೆಗೇ ಇರೋಣ ಎನ್ನುವ ಎದುರು ಪಕ್ಷಕ್ಕೆ ಊರಿನಲ್ಲಿ ಅಧ್ಯಕ್ಷ. ಊಟದ ಮೇಜಿನಲ್ಲಿ ಇಬ್ಬರೂ ರಾಜಕೀಯ ತೆಗೆದರೆ ಅಜ್ಜಿ ಎಲ್ಸ್ಪಾ ಇಬ್ಬರ ಬೆರಳ ಗೆಣ್ಣಿಗೂ ಚಮಚದಲ್ಲಿ ಬಿಗಿಯುತ್ತಿದ್ದಳು. ಎಂಬತ್ತೆಂಟಾದರೂ ಗುರಿ ತಪ್ಪುತ್ತಿರಲಿಲ್ಲ.

ಹೋಗದೆ ಇರುವ ಮಾತೇ ಇರಲಿಲ್ಲ. ಕುರಿ ಅಟ್ಟುವ ದಿನ ತಪ್ಪಿಸಿಕೊಂಡವರನ್ನು ಈ ಊರು ಮೂರು ತಲೆಮಾರು ಆಡಿಕೊಳ್ಳುತ್ತದೆ. ಸುನ್ವಾ ನಿಲ್ಲಬೇಕಾದ್ದು ಕೆಳಗೆ, ಕಲ್ಲಿನ ದೊಡ್ಡಿಯ ಬಾಯಿಯಲ್ಲಿ. ಆದ್ದರಿಂದ ಒಂಬತ್ತಕ್ಕೆ ಶಾಲೆಯ ಬಾಗಿಲು ತೆರೆದ ಕೂಡಲೇ ಮತ ಹಾಕಿ ದೊಡ್ಡಿಗೆ ನಡೆದಳು. ಉಳಿದ ಹತ್ತೊಂಬತ್ತು ಜನ ಶಾಲೆ ತೆರೆಯುವ ಮುಂಚೆಯೇ ಗುಡ್ಡದ ಆಚೆ ಬದಿಗೆ ಹೋಗಿಯಾಗಿತ್ತು. ಮೂರಕ್ಕೆಲ್ಲ ಕೆಲಸ ಮುಗಿಯುತ್ತದೆ, ಇಳಿದು ಬಂದು ಮತ ಹಾಕಿದರಾಯಿತು ಎಂಬುದು ಅವರ ಲೆಕ್ಕ.

ಮೂರು ಗಂಟೆಗೆ ಕುರಿಗಳೇನೋ ಬಂದವು. ಬಿಳಿ, ಕಂದು, ಕಪ್ಪು, ಮಂದೆ ಗುಡ್ಡದಿಂದ ಸುರಿದಂತೆ ಇಳಿಯಿತು. ಮುಂದಿದ್ದ ಕೊಂಬಿನ ಟಗರು ಇನ್ನೇನು ದೊಡ್ಡಿಯೊಳಗೆ ಕಾಲಿಡಬೇಕು, ಸುನ್ವಾಳ ಜೇಬಿನಲ್ಲಿ ಫೋನ್ ಬಾಯಿ ಬಿಟ್ಟಿತು. ರಾಜಧಾನಿಯಿಂದ ರೇಡಿಯೋದವರು, ಗೆಲ್ಲುವ ಭರವಸೆ ಇದೆಯೇ ಎಂದು ಕೇಳಲಿಕ್ಕೆ. ಟಗರು ಬೆಚ್ಚಿ ತಿರುಗಿತು, ಅದರ ಹಿಂದೆ ನಾನೂರು ಕುರಿಗಳು ಬಂದ ದಾರಿಗೆ ಸುಂಕವಿಲ್ಲವೆಂದು ಗುಡ್ಡ ಹತ್ತಿದವು.

"ನಿನ್ ಫೋನಿಗಿಷ್ಟು ಬೆಂಕಿ ಹಾಕ!" ಡೆಮ್ಮುಸ್‌ನ ಕೂಗು ಸಮುದ್ರದವರೆಗೂ ಕೇಳಿಸಿತು.

"ಬೈಬೇಡ ಡೆಮ್ಮುಸ್," ಎಂದು ನಕ್ಕವನು ನೆರೆಮನೆಯ ಸಕಾರಿಸ್. "ಅವಳ ಪಕ್ಷದ್ದು ಅದೇ ಅಲ್ವಾ ಕೆಲಸ? ಕುರಿಗೂ ಬಿಡುಗಡೆ ಕೊಡಿಸಿದ್ಲು!"

ಎಲ್ಲರೂ ನಕ್ಕರು, ಸುನ್ವಾ ಸಹ. ಆಮೇಲೆ ಎಲ್ಲರೂ ಓಡಿದರು. ಒಂದೂವರೆ ಗಂಟೆ ಬಿದ್ದೆದ್ದು ಓಡಿ, ಮಂದೆಯನ್ನು ಅರ್ಧ ಗುಡ್ಡದಲ್ಲಿ ತಡೆದರು. ಇಪ್ಪತ್ತು ಜನ ಕೈ ಚಾಚಿ ಸಾಲಾಗಿ ನಿಂತರು. ಅಟ್ಟುವ ಸಾಲಿನಲ್ಲಿ ಒಬ್ಬರು ಜಾಗ ಬಿಟ್ಟರೂ ಕುರಿ ಅಲ್ಲೇ ನುಗ್ಗುತ್ತದೆ. ಯಜಮಾನ ಹೇಳದೆ ಕೈ ಇಳಿಸುವಂತಿಲ್ಲ. ಹಾಗೇ ಹೆಜ್ಜೆ ಹೆಜ್ಜೆಗೆ ದಬ್ಬುತ್ತ ದೊಡ್ಡಿ ಸೇರಿಸಲು ಇನ್ನೂ ಎರಡು ಗಂಟೆ ಬೇಕು. ಮತಗಟ್ಟೆ ಮುಚ್ಚುವುದು ಆರಕ್ಕೆ. ಊರಿಗೆ ಮುಕ್ಕಾಲು ಗಂಟೆಯ ಇಳಿಜಾರು. ಗಡಿಯಾರ ನಾಲ್ಕೂ ಮುಕ್ಕಾಲು ತೋರಿಸುತ್ತಿತ್ತು.

ಸುನ್ವಾ ಸಾಲಿನುದ್ದಕ್ಕೂ ಕಣ್ಣು ಹಾಯಿಸಿದಳು. ಆಗ ಹೊಳೆಯಿತು ನೋಡಿ ವಿಷಯ. ಗುಡ್ಡದಲ್ಲಿ ಕುರಿಪಾಲು ಇರುವುದು ಆರು ಹಳೆಯ ಮನೆಗಳಿಗೆ, ಆ ಆರು ಮನೆಗಳೂ ಅಪ್ಪನ ಪಕ್ಷ. ಅವಳಿಗೆ ಮತ ಹಾಕುವವರು ಬಂದರಿನ ಕಡೆಯ ಹೊಸ ಮನೆಗಳವರು. ಅವರು ಬೆಳಿಗ್ಗೆಯೇ ಮತ ಹಾಕಿ, ಕೇಕು ತಿಂದು, ಕಾಲು ಚಾಚಿ ಕೂತಿದ್ದಾರೆ. ಇಲ್ಲಿ ಕೈ ಚಾಚಿ ನಿಂತಿರುವ ಹತ್ತೊಂಬತ್ತೂ ಅವಳ ವಿರುದ್ಧದ ಮತಗಳು. ಅವಳು ಏನೂ ಮಾಡಬೇಕಾಗಿಲ್ಲ, ಸುಮ್ಮನೆ ನಿಂತರೆ ಸಾಕು. ಹೋದ ಸಲ ಸೋತದ್ದು ಎರಡರಿಂದ!

ದೇವರೇ ಕೊಟ್ಟ ವರ ಎನ್ನಿಸಿತು. ಖುಷಿಯೂ ಆಯಿತು, ಸುಳ್ಳೇಕೆ ಹೇಳಬೇಕು. ಐದು ನಿಮಿಷ ಹಾಗೇ ನಿಂತಳು. ಪಕ್ಕದಲ್ಲಿ ಅಪ್ಪ ಗಡಿಯಾರ ನೋಡಿದ, ಮುಖ ತಿರುಗಿಸಿದ, ಮತ್ತೆ ನೋಡಿದ. ಹದಿನೆಂಟರ ವಯಸ್ಸಿನಿಂದ ಒಂದು ಚುನಾವಣೆಯನ್ನೂ ತಪ್ಪಿಸದವನು. ಮಂದೆ ಬಿಟ್ಟ ಯಜಮಾನ ಎನ್ನಿಸಿಕೊಳ್ಳುವುದು ಅವನಿಂದಾಗದ ಮಾತು. ತನ್ನ ಫೋನಿನ ದೆಸೆಯಿಂದ ಅವನು ಹೀಗೆ ಬಾಯಿಗೆ ಬೀಗ ಹಾಕಿಕೊಂಡು ನಿಂತಿದ್ದನ್ನು ನೋಡಿ ಸುನ್ವಾಳಿಗೆ ನಾಚಿಕೆಯಾಯಿತು, ತುಂಬ ನಾಚಿಕೆಯಾಯಿತು.

"ಅಪ್ಪಾ, ಬಿಟ್ಬಿಡು ಅನ್ನು."

"ಏನನ್ನ?"

"ಕುರೀನ. ಎಲ್ರೂ ಹೋಗಿ ಓಟು ಹಾಕ್ಲಿ. ಕುರಿ ನಾಳೇನೂ ಇಲ್ಲೇ ಇರತ್ತೆ."

"ತಲೆ ಕೆಟ್ಟಿದ್ಯಾ? ಮೂವತ್ತೊಂದು ವರ್ಷದಲ್ಲಿ ಕೈಗೆ ಬಂದ ಮಂದೆ ಬಿಟ್ಟಿಲ್ಲ ನಾನು. ಕೈ ಚಾಚು!"

"ಹೋದ್ರೆ ಎಲ್ರೂ ನಿನ್ನ ವಿರುದ್ಧಾನೇ ಒತ್ತೋದು ಕಣೇ," ಸಕಾರಿಸ್ ಆ ಕಡೆಯಿಂದ ಕೂಗಿದ. "ಬುದ್ಧಿ ಇದ್ರೆ ಸುಮ್ನಿರು!"

"ಗೊತ್ತು ಸಕಾರಿಸ್ ಮಾವ. ಒತ್ತಿ, ಬೇಕಾದ್ರೆ ಎರಡು ಕೈಯಲ್ಲೂ ಒತ್ತಿ. ನಮ್ಮೂರಿನ ವಿಷಯ ನಾವೇ ತೀರ್ಮಾನ ಮಾಡ್ಬೇಕು ಅಂತ ಇಪ್ಪತ್ತು ವರ್ಷದಿಂದ ಗಂಟಲು ಹರ್ಕೊಂಡಿದೀನಿ. ಈಗ ಹತ್ತೊಂಬತ್ತು ಜನಾನ ಗುಡ್ಡದಲ್ಲಿ ಕಟ್ಟಿಹಾಕಿ ಗೆದ್ರೆ, ಥೂ, ನಂಗೆ ಅನ್ನ ಇಳಿಯಲ್ಲ."

ಇಷ್ಟು ಹೇಳಿ ಕೈ ಇಳಿಸಿ, ಸಾಲಿನಿಂದ ಹಿಂದೆ ಸರಿದು, ಕಲ್ಲೊಂದರ ಮೇಲೆ ಕೂತೇಬಿಟ್ಟಳು. ಕುರಿಗಳಿಗೆ ಕರೆಯೋಲೆ ಬೇಕೇ? ನಾನೂರೂ ಅವಳ ಪಕ್ಕದಿಂದ ನುಗ್ಗಿ, ಬಾಲ ಕುಣಿಸುತ್ತ ಮೇಲೇರಿ ಹೋದವು. ಡೆಮ್ಮುಸ್ ಮಗಳನ್ನು ನೋಡಿದ, ಗುಡ್ಡ ನೋಡಿದ, ಗಡಿಯಾರ ನೋಡಿದ.

"ನಿಂತ್ಕೊಂಡು ಏನ್ ನೋಡ್ತೀರಿ? ಓಡ್ರೋ!" ಎಂದು ಸಾಲಿನವರಿಗೆ ಕೂಗಿದ.

ಇಳಿಜಾರಿನಲ್ಲಿ ಜಾರಿದವರೆಷ್ಟೋ, ಕೂತುಕೊಂಡೇ ಇಳಿದವರೆಷ್ಟೋ. ಶಾಲೆ ತಲುಪಿದಾಗ ಆರಕ್ಕೆ ಹನ್ನೊಂದು ನಿಮಿಷ. ಹೊರಗಿನ ಬೆಂಚಿನಲ್ಲಿ ಅಜ್ಜಿ ಎಲ್ಸ್ಪಾ ಹಬ್ಬದ ಶಾಲು ಹೊದ್ದು ಮೂರು ಗಂಟೆಯಿಂದ ಕಾಯುತ್ತಿದ್ದಳು. ಮಗನ ತೋಳು ಹಿಡಿಯದೆ ಅವಳು ಎಂದೂ ಮತ ಹಾಕಿದವಳಲ್ಲ.

"ಕುರಿ ಎಲ್ಲೋ?"

"ನಿನ್ನ ಮೊಮ್ಮಗಳನ್ನ ಕೇಳು," ಎಂದ ಡೆಮ್ಮುಸ್. ಸಕಾರಿಸ್ ಇಡೀ ಕಥೆಯನ್ನು ಉಪ್ಪು ಖಾರ ಹಚ್ಚಿ ಹೇಳಿದ. ಅಜ್ಜಿ ಮಗನ ತೋಳು ಹಿಡಿದು ಒಳಗೆ ಹೋದಳು. ಆಮೇಲೆ ಡೆಮ್ಮುಸ್ ಹೊರಬಂದು, ಗುಟ್ಟಿನ ಮತದಾನವನ್ನು ಗಾಳಿಗೆ ತೂರಿ, ಬೀದಿಗೆಲ್ಲ ಕೇಳುವಂತೆ ಸಾರಿದ: "ನಾನು ಇವಳ ವಿರುದ್ಧಾನೇ ಹಾಕಿದೀನಿ, ಎಲ್ರೂ ಕೇಳಿಸ್ಕೊಳ್ಳಿ! ಹಾಕೋಕೆ ಅವಕಾಶ ಮಾಡಿಕೊಟ್ಟೋಳೂ ಇವಳೇ!" ಬೈಗುಳದಂತೆ ಶುರುವಾದ ಮಾತು ಕೊನೆಗೆ ಬರುವಷ್ಟರಲ್ಲಿ ಹೊಗಳಿಕೆಯಾಗಿ ಹೋಗಿತ್ತು.

ಫಲಿತಾಂಶ ಕೇಳಲು ಆರೂ ಮನೆಯವರು ಡೆಮ್ಮುಸ್‌ನ ನಡುಮನೆಯಲ್ಲೇ ಸೇರಿದರು. ಗಾಳಿಯಲ್ಲಿ ಒಣಗಿಸಿದ ಕುರಿಮಾಂಸ ಹೆಚ್ಚಿಟ್ಟಿದ್ದರು. ರೇಡಿಯೋ ಊರೂರಿನ ಎಣಿಕೆ ಓದಿತು. ಸ್ಕಾರ್ವಿಕ್‌ನಲ್ಲಿ ಯಾವಾಗಲೂ ಹದಿನಾಲ್ಕು ಬರುತ್ತಿದ್ದ ಅವಳ ಮತ ಈ ಸಲ ಹತ್ತೊಂಬತ್ತು. ಕೊನೆಗೆ ಸಂಸತ್ತಿನ ಕೊನೆಯ ಸ್ಥಾನ: ಸುನ್ವಾ, ಮೂರು ಮತದ ಅಂತರದಿಂದ.

ಮನೆ ಹಾರಿಹೋಗುವಂತೆ ಕೂಗೆದ್ದಿತು. ಸೋತ ಪಕ್ಷದವರೇ ಕೂಗಿದ್ದು, ಅದೇ ತಮಾಷೆ. ಡೆಮ್ಮುಸ್ ಮಾತ್ರ ಎದ್ದು ನಿಂತು ಒಬ್ಬೊಬ್ಬರ ಮುಖವನ್ನೂ ಪೊಲೀಸಿನವನಂತೆ ನೋಡಿದ.

"ಐದು ಜಾಸ್ತಿ! ಯಾರು ಆ ಐದು ಜನ ದ್ರೋಹಿಗಳು?"

"ಒಬ್ಳು ನಾನು," ಅಜ್ಜಿ ಹೆಣಿಗೆಯಿಂದ ತಲೆಯೆತ್ತಲಿಲ್ಲ. "ಉಳಿದ ನಾಲ್ವರನ್ನ ನೀನೇ ಹುಡುಕ್ಕೋ."

"ಅಮ್ಮಾ! ನೀನೂನಾ? ರಾಜನ ಪಟದ ಕೆಳಗೆ ಕೂತ್ಕೊಂಡು!"

"ರಾಜನ ಮೇಲೆ ನಂಗೇನೂ ಸಿಟ್ಟಿಲ್ಲ. ಆದ್ರೆ ಅವನು ನನ್ನ ಓಟಿಗೋಸ್ಕರ ಒಂದು ಕುರೀನೂ ಬಿಟ್ಟಿಲ್ಲ."

ಸಕಾರಿಸ್ ಇದ್ದಕ್ಕಿದ್ದಂತೆ ಮಾಂಸದ ತಟ್ಟೆಯಲ್ಲಿ ಏನನ್ನೋ ಹುಡುಕತೊಡಗಿದ. ಸುನ್ವಾ ನಗುತ್ತಲೇ ಅಳುತ್ತಿದ್ದಳು. ನಗೆಯೆಲ್ಲ ಇಳಿದ ಮೇಲೆ ಡೆಮ್ಮುಸ್ ಅವಳ ಎದುರು ಬಂದು ನಿಂತ.

"ನಾಳೆ ಆರಕ್ಕೆ ಗುಡ್ಡ. ಸಾಲು ಮುರಿದೋರೇ ಸಾಲು ಕಟ್ಬೇಕು. ನಾಳೆ ಯಜಮಾನಿಕೆ ನಿಂದು. ಯಾರು ಎಲ್ಲಿ ನಿಲ್ಬೇಕು, ಯಾವಾಗ ಅಟ್ಬೇಕು, ಎಲ್ಲ ನೀನೇ ಹೇಳೋದು. ನಂಗೂ ಸೇರಿಸಿ."

ಇಡೀ ನಾಡನ್ನೇ ನಾವು ಆಳಿಕೊಳ್ಳುತ್ತೇವೆ ಎಂದು ಇಪ್ಪತ್ತು ವರ್ಷ ವೇದಿಕೆ ಗುದ್ದಿದವಳಿಗೆ, ನಾನೂರು ಕುರಿಗಳನ್ನು ನೆನೆದು ಬಾಯಿ ಒಣಗಿತು.

"ಅಪ್ಪಾ... ನೀನು ಪಕ್ಕದಲ್ಲೇ ಇರ್ತೀಯಲ್ಲಾ?"

"ಪಕ್ಕದಲ್ಲಿ ಯಾಕೆ? ದೂರದಲ್ಲಿರ್ತೀನಿ," ಎಂದ ಡೆಮ್ಮುಸ್. "ಕೂಗಿದ್ರೆ ಕೇಳಿಸತ್ತೆ."