ಓರೆಗೆರೆ, ಚುಕ್ಕಿ, ಜಾಲರಿ

ಇಲ್ಲ. ಮತ್ತೆ ಒತ್ತಿದ. ಇಲ್ಲ. ಚಾರ್ಟಿನ ಕಂಬದ ಮೇಲೆ ಒತ್ತಿದಾಗಲೆಲ್ಲ ಬಣ್ಣಗಳ ಸಂತೆಯೇ ತೆರೆದುಕೊಳ್ಳುತ್ತಿತ್ತು. ಬಣ್ಣದ ಬದಲು ಕಂಬಕ್ಕೆ ತುಂಬುವ ಗೆರೆ, ಚುಕ್ಕಿಗಳ ಪಟ್ಟಿ ಮಾತ್ರ ಎಲ್ಲೂ ಕಾಣಲಿಲ್ಲ.

"ಹೊಸ ಆವೃತ್ತಿಯಲ್ಲಿ ತೆಗೆದುಬಿಟ್ಟಿದ್ದಾರೆ ಸಾರ್," ಅಂದ ಬೆನ್ನ ಹಿಂದೆ ನಿಂತಿದ್ದ ಕಂಪ್ಯೂಟರ್ ವಿಭಾಗದವನು. ಕಚೇರಿಯಲ್ಲಿ ಎಲ್ಲರೂ ಅವನನ್ನು ಅಪ್‌ಡೇಟು ಅಂತಲೇ ಕರೆಯುತ್ತಿದ್ದರು. ಭಾನುವಾರ ಬಂದು ಎಲ್ಲ ಯಂತ್ರಗಳಿಗೂ ಹೊಸ ಸ್ಪ್ರೆಡ್‌ಶೀಟ್ ಹಾಕಿ ಹೋಗಿದ್ದವನು ಅವನೇ.

"ಯಾಕೆ?"

"ಯಾರೂ ಬಳಸಲ್ವಂತೆ."

"ನಾನು ಬಳಸ್ತೀನಿ."

ಅಪ್‌ಡೇಟು ಒಳ್ಳೆಯ ಮನಸ್ಸಿನಿಂದಲೇ ನಕ್ಕ. "ಇಷ್ಟೊಂದು ಬಣ್ಣ ಕೊಟ್ಟಿದ್ದಾರಲ್ಲ ಸಾರ್. ಕಣ್ಣಿಗೆ ಹಬ್ಬ."

ಚಾರ್ಟಿನ ಮುಂದೆ ಕೂತವನು ನೀರು ಸರಬರಾಜು ಕಚೇರಿಯ ಅಂಕಿಅಂಶ ಅಧಿಕಾರಿ. ಊರಿನ ಕೊಳವೆಗಳಲ್ಲಿ ಎಲ್ಲಿ ಎಷ್ಟು ನೀರು ಸೋರಿಹೋಗುತ್ತಿದೆ ಎಂದು ತಿಂಗಳಿಗೊಮ್ಮೆ ಚಾರ್ಟು ಮಾಡುವುದು ಅವನ ಕೆಲಸ. ಕೆಂಪು, ಹಸಿರು, ಕಂದು ಎಲ್ಲವೂ ಹುಟ್ಟಿದಾಗಿನಿಂದ ಅವನ ಕಣ್ಣಿಗೆ ಒಂದೇ ಕೆಸರು. ಇದು ಹೆಂಡತಿಗೆ ಗೊತ್ತಿತ್ತು. ಕಚೇರಿಯಲ್ಲಿ ಯಾರಿಗೂ ಗೊತ್ತಾಗುವ ಪ್ರಸಂಗವೇ ಬಂದಿರಲಿಲ್ಲ. ಹಳೇಪೇಟೆಗೆ ಓರೆಗೆರೆ, ಬಡಾವಣೆಗೆ ಚುಕ್ಕಿ, ಕಾರ್ಖಾನೆ ಕಡೆಗೆ ಜಾಲರಿ ಎಂದು ಅವನು ಕಂಬಗಳಿಗೆ ಮೈತುಂಬ ಹೊದಿಸುತ್ತಿದ್ದ. ಬರಬರುತ್ತ ಇಡೀ ಕಚೇರಿ ಅವನ ಭಾಷೆಯನ್ನೇ ಆಡತೊಡಗಿತ್ತು. "ಓರೆಗೆರೆಯಲ್ಲಿ ಪೈಪು ಒಡೆದಿದೆ, ಜೀಪು ಕಳಿಸಿ" ಎಂದು ಫೋನಿನಲ್ಲಿ ಕೂಗುತ್ತಿದ್ದರು. ಹೊಸದಾಗಿ ಸೇರಿದ ಡ್ರೈವರೊಬ್ಬ ಓರೆಗೆರೆ ಎಂಬ ಬೀದಿಯನ್ನು ಹುಡುಕಿಕೊಂಡು ಊರೆಲ್ಲ ಸುತ್ತಿ ಬಂದಿದ್ದ. ಅವತ್ತು ಎಲ್ಲರೂ ಹೊಟ್ಟೆ ಹುಣ್ಣಾಗುವಂತೆ ನಕ್ಕಾಗ ಇವನಿಗೆ ತಾನೊಂದು ಸಣ್ಣ ರಾಜ್ಯ ಆಳುತ್ತಿದ್ದೇನೆ ಅನ್ನಿಸಿತ್ತು.

"ಹಳೇದನ್ನೇ ಹಾಕ್ಕೊಡು."

"ಆಗಲ್ಲ ಸಾರ್. ಬಣ್ಣ ಕೂಡ ಮೇಲಿನ ಕಚೇರಿಯವರೇ ಗೊತ್ತುಮಾಡಿದ್ದಾರೆ. ನೀವು ಅಂಕಿ ತುಂಬಿದ್ರೆ ಸಾಕು, ಅದೇ ಹಚ್ಚಿಕೊಳ್ಳುತ್ತೆ."

ಮಧ್ಯಾಹ್ನದ ಮೀಟಿಂಗಿಗೆ ಮುಂಚೆ ಹೆಂಡತಿಗೆ ಫೋನು ಮಾಡಿದ.

"ಹೇಳಿಬಿಡ್ರೀ, ನನಗೆ ಬಣ್ಣ ಕಾಣಲ್ಲ ಅಂತ. ಮುಗೀತು."

"ಕಾಣುತ್ತೆ. ಬೇರೆ ಥರ ಕಾಣುತ್ತೆ."

"ಅದನ್ನೇ ಹೇಳಿ."

"ಅಯ್ಯೋ ಪಾಪ ಅಂತಾರೆ."

"ಅಂದರೆ ಏನಾಯ್ತು?"

"ಅನ್ನಬಾರದು." ಫೋನಿಟ್ಟ.

ಕೊಬ್ಬು ಅನ್ನಲಿ, ತಲೆ ಕೆಟ್ಟಿದೆ ಅನ್ನಲಿ. ಪಾಪ ಅನ್ನಿಸಿಕೊಂಡು ಆ ಕುರ್ಚಿಯಲ್ಲಿ ಒಂದು ದಿನವೂ ಕೂರುವುದು ಅವನಿಂದಾಗದು. ಚಾರ್ಟನ್ನು ಕಾಗದದ ಮೇಲೆ ಅಚ್ಚು ತೆಗೆದ. ಸ್ಕೇಲು ಇಟ್ಟು, ಕರಿ ಪೆನ್ನಿನಿಂದ ಒಂದೊಂದೇ ಕಂಬಕ್ಕೆ ಕೈಯಾರೆ ಗೆರೆ ಎಳೆದ. ಊಟಕ್ಕೂ ಏಳಲಿಲ್ಲ.

ಮೀಟಿಂಗಿನಲ್ಲಿ ಅವನ ಕಾಗದವನ್ನು ಯಾರೂ ಮುಟ್ಟಲಿಲ್ಲ. ಅಪ್‌ಡೇಟು ಅದೇ ಚಾರ್ಟನ್ನು ಬಿಳಿ ಗೋಡೆಯ ಮೇಲೆ ಪ್ರೊಜೆಕ್ಟರಿನಿಂದ ಆಳೆತ್ತರಕ್ಕೆ ಬಿಟ್ಟಿದ್ದ.

"ಕೆಂಪು ಜಾಸ್ತಿಯಾಗಿದೆಯಲ್ಲ," ಅಂದರು ಮೀಟರ್ ವಿಭಾಗದವರು.

"ಹಸಿರೂ ಏನು ಕಮ್ಮಿಯಿಲ್ಲ," ಅಂದರು ಸ್ಟೋರಿನವರು.

ಬೆಳಿಗ್ಗೆವರೆಗೆ ಅವನ ಭಾಷೆ ಆಡುತ್ತಿದ್ದವರು ಊಟ ಮುಗಿಸಿ ಕೈತೊಳೆಯುವಷ್ಟರಲ್ಲಿ ಅದನ್ನೂ ತೊಳೆದುಕೊಂಡಿದ್ದರು.

"ಹೇಳ್ರಿ," ಮುಖ್ಯ ಇಂಜಿನಿಯರಮ್ಮ ಅವನತ್ತ ತಿರುಗಿದರು. "ಈ ಕೆಂಪು ಯಾಕೆ ಹೀಗೆ ಏರಿದೆ? ಈ ಸಲ ಪೈಪು ಬದಲಾಯಿಸೋದು ಅಲ್ಲೇ ತಾನೆ?"

ಎರಡು ಕಂಬಗಳು ಏರಿದ್ದವು. ಒಂದು ಹಳೇಪೇಟೆ, ಇನ್ನೊಂದು ಕಾರ್ಖಾನೆ ಕಡೆ. ಎರಡರ ಕಾರಣವೂ ಅವನಿಗೆ ಬಾಯಿಪಾಠ. ಆದರೆ ಕೆಂಪು ಅಂದರೆ ಅವೆರಡರಲ್ಲಿ ಯಾವುದು?

"ನಮ್ಮೂರಲ್ಲಿ ಕೆಂಪು ಅನ್ನೋ ಏರಿಯಾ ಇಲ್ಲ ಮೇಡಂ."

"ಏನಂದ್ರಿ?"

"ಓರೆಗೆರೆ ಅನ್ನಿ, ಹೇಳ್ತೀನಿ."

ಯಾರೋ ಕಿಸಕ್ಕೆಂದರು. ಇಂಜಿನಿಯರಮ್ಮ ನಗಲಿಲ್ಲ. "ಸುಮ್ಮನೆ ಕೈಯಿಟ್ಟು ತೋರಿಸ್ರಿ, ಕೆಂಪು ಯಾವುದು?" ಅವನು ಅಲ್ಲಾಡಲಿಲ್ಲ. ಅವರ ದನಿ ಮೆತ್ತಗಾಯಿತು. "ಕಣ್ಣಿಗೇನಾದರೂ ತೊಂದರೆ ಇದೆಯೇನ್ರಿ?"

ಆ ಮೆತ್ತನೆಯ ದನಿಗೇ ಅವನು ಹೆದರಿದ್ದದ್ದು.

"ಕಣ್ಣು ಸರಿಯಾಗಿದೆ," ಅಂದ. ಮೇಜಿನ ಮೇಲಿದ್ದ ಕರಿ ಮಾರ್ಕರ್ ತೆಗೆದುಕೊಂಡು ಗೋಡೆಯ ಹತ್ತಿರ ಹೋದ. ಪ್ರೊಜೆಕ್ಟರಿನ ಬೆಳಕು ಅವನ ಅಂಗಿಗೆ, ಕೈಗೆ ಬಿತ್ತು. ಯಾವ ಬಣ್ಣವಾಯಿತೋ ನೋಡಿದವರಿಗೇ ಗೊತ್ತು. ಮೊದಲ ಕಂಬದ ಮೇಲೆ ಗೋಡೆಗೇ ಓರೆಗೆರೆ ಎಳೆಯತೊಡಗಿದ.

"ಇದು ಹಳೇಪೇಟೆ. ಪೈಪು ತುಕ್ಕು ಹಿಡಿದಿದೆ." ಪಕ್ಕದ ಕಂಬಕ್ಕೆ ಚುಕ್ಕಿ ಇಟ್ಟ. "ಇದು ಬಡಾವಣೆ. ಏನೂ ಆಗಿಲ್ಲ." ಕೊನೆಯ ಕಂಬಕ್ಕೆ ಜಾಲರಿ ಹೆಣೆಯತೊಡಗಿದ. "ಇದು ಕಾರ್ಖಾನೆ ಕಡೆ, ನೀರು ಕದ್ದು ಎಳೀತಿದ್ದಾರೆ. ಈಗ ಕೇಳಿ, ಏನು ಬೇಕಾದರೂ ಕೇಳಿ."



"ಮೊನ್ನೆ ತಾನೇ ಸುಣ್ಣ ಹೊಡೆಸಿದ್ದು," ಅಂದರು ಸ್ಟೋರಿನವರು.

"ಇರಲಿ ಬಿಡಿ, ಪಾಪ," ಅಂದರು ಇಂಜಿನಿಯರಮ್ಮ, ಮೆಲ್ಲಗೆ. "ನಾಳೆ ಸೇರೋಣ."

ಕುರ್ಚಿಗಳು ಕಿರುಗುಟ್ಟಿದವು. ಹೋಗುವಾಗ ಅಪ್‌ಡೇಟು ಪ್ರೊಜೆಕ್ಟರ್ ಆರಿಸಿದ. ಕಂಬಗಳು, ಅಂಕಿಗಳು, ಪೇಟೆ, ಬಡಾವಣೆ ಎಲ್ಲ ಒಮ್ಮೆಲೇ ಅಳಿಸಿಹೋದವು. ಕರಿಗೆರೆಗಳಷ್ಟೇ ಹಿಡಿದುಕೊಳ್ಳಲು ಏನೂ ಇಲ್ಲದೆ ಬಿಳಿ ಗೋಡೆಯ ಮೇಲೆ ನಿಂತಿದ್ದವು. ಕೊನೆಯ ಕಂಬ ಅರ್ಧಕ್ಕೇ ಉಳಿದಿತ್ತು. ಅದು ಎಷ್ಟೆತ್ತರ ಇತ್ತೆಂದು ನೆನೆಸಿಕೊಳ್ಳುತ್ತ, ಅವನು ಖಾಲಿ ಗೋಡೆಯ ಮೇಲೆ ಜಾಲರಿ ಹೆಣೆಯುತ್ತಲೇ ಇದ್ದ.