ಉಪ್ಪು ಕಾಯುವುದಿಲ್ಲ

ದೀಪಶ್ರೀ ನಮಗೆ ಮ್ಯಾನೇಜರಾಗಿ ಬಂದ ದಿನ ಅವಳ ಚೀಲದಲ್ಲಿದ್ದ ಕಾಗದಗಳನ್ನು ಹರಡಿದ್ದರೆ ಪುಂಜಾಲಕಟ್ಟೆಯಿಂದ ಬಿ.ಸಿ.ರೋಡಿನವರೆಗೆ ರಸ್ತೆ ಮುಚ್ಚಿಹೋಗುತ್ತಿತ್ತು. ಕೊಕ್ಕಡದ ಹುಡುಗಿ. ಮೂಡಬಿದ್ರೆಯ ಕಾಲೇಜಿನಲ್ಲಿ ಎಂಬಿಎ ಓದಿದವಳು. ಎಷ್ಟು ಸಪೂರ ಎಂದರೆ, ಅವಳು ಒಳಗೆ ಬಂದರೆ ನಾನು ಫ್ಯಾನು ನಿಧಾನ ಮಾಡುತ್ತಿದ್ದೆ.

ನಾವು ಕೆಲಸ ಮಾಡುವ ಕಟ್ಟಡ ಮೊದಲು ಬೀಡಿ ಬ್ರಾಂಚು. ಮನೆಯಲ್ಲಿ ಕಟ್ಟಿದ ಬೀಡಿಯನ್ನು ನಾವೆಲ್ಲ ಅಲ್ಲಿಗೇ ಒಯ್ದು ಕೊಡುತ್ತಿದ್ದೆವು. ನಾನೊಬ್ಬಳೇ ಕಟ್ಟಿದ ಬೀಡಿಗಳನ್ನು ತುದಿಗೆ ತುದಿ ಇಟ್ಟರೆ ದುಬೈಗೆ ಹೋಗಿ ತಿರುಗಿ ಬರಬಹುದು. ಸೇದುವವರು ಕಡಿಮೆಯಾದರು, ಬ್ರಾಂಚು ಮುಚ್ಚಿತು. ಆಮೇಲೆ ಮೂಡಬಿದ್ರೆಯ ಲತೇಶ್ ಎಂಬವನು ಅಲ್ಲಿ ಹೊಲಿಗೆ ಮೆಷಿನ್‌ಗಳನ್ನು ತಂದಿಟ್ಟು, ನಮಗೆ ಹೊಲಿಗೆ ಕಲಿಸಿ, ಶಾಲೆ ಮಕ್ಕಳ ಬ್ಯಾಗು ಮಾಡಿಸಲು ಶುರುಮಾಡಿದ.

ಕೆಲಸ ಹೀಗೆ: ನಾನು ಜೇಬು ಹೊಲಿಯಬೇಕು. ಪಕ್ಕದ ವಿನೋದಾ ಅದನ್ನು ಬ್ಯಾಗಿನ ಎದುರಿಗೆ ಕೂಡಿಸಬೇಕು. ಅವಳ ಆಚೆ ಕೂತ ರಶೀನಾ ಕೈಪಟ್ಟಿ ಹಾಕಬೇಕು. ಹೀಗೆ ಒಬ್ಬರ ಕೈಯಿಂದ ಒಬ್ಬರಿಗೆ ಹೋಗಿ ಕಡೆಗೆ ಬ್ಯಾಗು ಆಗಬೇಕು.

ಆದರೆ ಆಗುತ್ತಿರಲಿಲ್ಲ. ನಾನು ಹೊಲಿದ ಜೇಬುಗಳನ್ನು ಮಡಿಲಲ್ಲೇ ಇಟ್ಟುಕೊಂಡು, ಬೀಡಿ ಕಟ್ಟಿದ ಹಾಗೆ ಕಟ್ಟು ಕಟ್ಟಿ, ಸಂಜೆ ಒಟ್ಟಿಗೇ ಕೊಡುತ್ತಿದ್ದೆ. ನಾನು ಮಾತ್ರವಲ್ಲ, ಎಲ್ಲರೂ ಹಾಗೆಯೇ. ರಶೀನಾ ಮಧ್ಯಾಹ್ನವಿಡೀ ನೊಣ ಓಡಿಸುತ್ತಿದ್ದಳು. ಮನೆಗೆ ಹೋಗುವ ಹೊತ್ತಿಗೆ ಅವಳ ಮುಂದೆ ಚಾರ್ಮಾಡಿ ಘಾಟಿಯಷ್ಟು ಎತ್ತರದ ರಾಶಿ.

ದೀಪಶ್ರೀ ಗೋಡೆಗೆ ಚಿತ್ರ ಅಂಟಿಸಿದಳು. ಬಾಣ, ಚೌಕ, ಬಣ್ಣ. ಲ್ಯಾಪ್‌ಟಾಪ್ ತೆರೆದು ಅರ್ಧ ದಿನ ಪಾಠ ಮಾಡಿದಳು. ನನಗೆ ಎಂಥ ಒಳ್ಳೆಯ ನಿದ್ದೆ ಬಂತೆಂದರೆ, ತೀರಿಹೋದ ನನ್ನ ಗಂಡ ಧರ್ಣಪ್ಪ ಕನಸಿನಲ್ಲಿ ಬಂದು, "ಗೊರಕೆ ನಿಲ್ಲಿಸು ಮಾರಾಯ್ತಿ" ಎಂದರು.

ಸೋಮವಾರ ಲತೇಶ್ ಬಂದ. ಆಗಿದ್ದ ಬ್ಯಾಗುಗಳನ್ನು ನೋಡಿ ಮುಖ ಹುಳಿ ಮಾಡಿದ.

"ಮೇಡಂ, ಶನಿವಾರ ಸಂಜೆ ಪಿಕಪ್ ಗಾಡಿ ತರ್ತೇನೆ. ಅದಕ್ಕೆ ಬ್ಯಾಗು ತುಂಬಿಸುವುದೋ, ಮೆಷಿನ್ ತುಂಬಿಸುವುದೋ, ನೀವೇ ಹೇಳಿ" ಎಂದು ಹೇಳಿ ಹೋದ.

ದೀಪಶ್ರೀ ನನ್ನ ಹತ್ತಿರದ ಸ್ಟೂಲಿನಲ್ಲಿ ಕೂತಳು. "ಇದು ನನ್ನ ಮೊದಲನೇ ಕೆಲಸ ಅಜ್ಜಿ. ಇದು ಹೋದ್ರೆ ಮನೆಯಲ್ಲಿ ನನ್ನ ಮಾತು ಯಾರೂ ಕೇಳುವುದಿಲ್ಲ."

"ಇಲ್ಲಿ ಮಾತ್ರ ಯಾರು ಕೇಳ್ತಾರೆ ಮಗಾ?" ಎಂದೆ. ಎಲ್ಲರೂ ನಕ್ಕರು. ಅವಳು ನಗಲಿಲ್ಲ. ನನ್ನ ನಗುವೂ ಅರ್ಧಕ್ಕೇ ನಿಂತಿತು. ಮೆಷಿನ್ ಹೋದರೆ ನಮಗೂ ಬೇರೆ ಏನಿತ್ತು?

ಬುಧವಾರ ವಿನೋದಾಳ ಹೊಸ ಮನೆಯ ಒಕ್ಕಲು, ಗೃಹಪ್ರವೇಶದ ಊಟ. ಅರ್ಧ ದಿನ ಎಲ್ಲರೂ ರಜೆ ಹಾಕಿದೆವು. ದೀಪಶ್ರೀ ನಮ್ಮನ್ನು ಎಳೆದುಕೊಂಡು ಹೋಗಲೆಂದೇ ಬಂದಳು. ಬಂದವಳನ್ನು ಊಟ ಮಾಡದೆ ಬಿಡುತ್ತಾರೆಯೇ? ಪಂಕ್ತಿಯಲ್ಲಿ ಕೂರಿಸಿ ಎಲೆ ಹಾಕಿದರು.

ಉಪ್ಪು ಬಡಿಸುವುದು ನಾನು. ನನ್ನ ಹಿಂದೆ ಉಪ್ಪಿನಕಾಯಿ, ಅದರ ಹಿಂದೆ ಪಲ್ಯ, ಆಮೇಲೆ ಅನ್ನ, ಸಾರು. ರಶೀನಾ ಊಟಕ್ಕೆ ಬಂದವಳು, ಮಜ್ಜಿಗೆಯ ಕೊಡಪಾನ ಹಿಡಿದು ನಿಂತಿದ್ದಳು. ಸಾರಿನವಳು ಯಾರದೋ ಮಗುವಿನ ಎಲೆಯ ಹತ್ತಿರ ತಡವಾದಳು. ಅಷ್ಟರಲ್ಲಿ ಪಲ್ಯ ಮುಗಿಸಿದವಳು ಇನ್ನೊಂದು ಬಕೆಟ್ ಸಾರು ಹಿಡಿದು ಆ ತುದಿಯಿಂದ ಬಡಿಸಿಕೊಂಡು ಬಂದಳು. ಯಾರೂ ಹೇಳಲಿಲ್ಲ, ಯಾರೂ ಕೇಳಲಿಲ್ಲ.

ದೀಪಶ್ರೀ ಕೈಯಲ್ಲಿ ಅನ್ನದ ತುತ್ತು ಹಿಡಿದುಕೊಂಡು ಬಾಯಿ ತೆರೆದು ನೋಡುತ್ತಿದ್ದಳು.

"ಅಜ್ಜಿ, ನೀವು ಉಪ್ಪು ಹಿಡ್ಕೊಂಡು ಸಂಜೆ ತನಕ ಯಾಕೆ ನಿಲ್ಲುವುದಿಲ್ಲ?"

"ನಿಂತ್ರೆ ಪಲ್ಯದವಳು ನನ್ನ ಬೆನ್ನಿಗೆ ಬಡಿಸ್ತಾಳೆ!"

"ಮತ್ತೆ ಅಲ್ಲಿ ಯಾಕೆ ಜೇಬು ಮಡಿಲಲ್ಲಿ ಇಟ್ಕೊಳ್ತೀರಿ?"

ನಾನು ಉಪ್ಪಿನ ಪಾತ್ರೆ ಕೆಳಗಿಟ್ಟು ಅವಳ ಎಲೆಯ ಮುಂದೆ ಕುಕ್ಕರಿಸಿದೆ.

"ಬ್ರಾಂಚಿನಲ್ಲಿ ಒಬ್ಬಳ ಹಾಳು ಬೀಡಿ ನನ್ನ ಕಟ್ಟಿಗೆ ಸೇರಿದ್ರೆ, ಬೀಡಿ ನೋಡುವ ಚೆಕ್ಕರ್ ನನ್ನ ಕಟ್ಟನ್ನೇ ಮುರಿದು ಬಿಸಾಡ್ತಿದ್ದ ಮಗಾ. ಮಡಿಲಲ್ಲಿ ಉಂಟಾದ್ರೆ ಅದು ನನ್ನದು. ವಿನೋದಾನ ಕೈಗೆ ಹೋದ ಮೇಲೆ ಅದು ಯಾರದ್ದು?"

ಅವಳು ಪಾಯಸಕ್ಕೂ ಕಾಯದೆ ಎದ್ದಳು. ಪಾಯಸ ಬಿಟ್ಟು ಎದ್ದವರನ್ನು ನಮ್ಮ ಊರು ಅಲ್ಲಿಯವರೆಗೆ ಕಂಡಿರಲಿಲ್ಲ.

ಮರುದಿನ ಹೋಗಿ ನೋಡಿದರೆ ಗೋಡೆಯ ಚಿತ್ರವಿಲ್ಲ. ಮೆಷಿನ್‌ಗಳು ಪಂಕ್ತಿಯ ಹಾಗೆ ಒಂದಕ್ಕೊಂದು ತಾಗಿ ಕೂತಿವೆ. ದೀಪಶ್ರೀ ಒಬ್ಬೊಬ್ಬರಿಗೆ ಒಂದೊಂದು ಬಣ್ಣದ ನೂಲು ಕೊಟ್ಟಳು. ನನಗೆ ಕೆಂಪು.

"ನೀವು ಹೊಲಿದದ್ದಕ್ಕೆ ಒಳಗಿನಿಂದ ಒಂದು ಸಣ್ಣ ಗಂಟು ಹಾಕಿ. ಮೂಡಬಿದ್ರೆಗೆ ಹೋದ್ರೂ ಅದು ನಿಮ್ಮದೇ. ಒಬ್ಬರ ತಪ್ಪಿಗೆ ಇನ್ನೊಬ್ಬರಿಗೆ ಬೈಗುಳ ಇಲ್ಲ. ಇನ್ನು ಕೈ ಖಾಲಿ ಆದವರು ತಡ ಆದವರ ಹತ್ತಿರ ಹೋಗುವ. ನಿನ್ನೆ ಸಾರಿಗೆ ಹೋದ ಹಾಗೆ."

ಇದು ಅರ್ಥವಾಯಿತು. ಆದರೆ ನನ್ನ ಕೈಗೆ ಅರ್ಥವಾಗಬೇಕಲ್ಲ? ಅದು ನಲವತ್ತು ವರ್ಷದ ಕಳ್ಳ. ನಾನು ನೋಡದಾಗ ಜೇಬನ್ನು ಮಡಿಲಿಗೆ ಎಳೆದುಕೊಳ್ಳುತ್ತಿತ್ತು. ಆಗೆಲ್ಲ ವಿನೋದಾ ಕೂಗುತ್ತಿದ್ದಳು, "ನೀಲಕ್ಕ, ಉಪ್ಪು!" ಒಂದೇ ದಿನದಲ್ಲಿ ಅದು ಇಡೀ ಕಟ್ಟಡದ ಮಾತಾಯಿತು. ಯಾರ ಹತ್ತಿರ ಕೆಲಸ ನಿಂತರೂ "ಉಪ್ಪು!" ಆ ಕೂಗಿಗೆ ಬೆಳ್ತಂಗಡಿ ಬಸ್ಸಿನವನು ಯಾರೋ ಹತ್ತಲಿಕ್ಕಿದ್ದಾರೆಂದು ನಿಲ್ಲಿಸುತ್ತಿದ್ದ.

ಶನಿವಾರ ಲತೇಶ್ ಹೊತ್ತಿಗೆ ಮೊದಲೇ ಬಂದ. ಇನ್ನೂ ಒಂದು ಸಣ್ಣ ರಾಶಿ ಬಾಕಿಯಿತ್ತು.

"ಆಗ್ಲಿಲ್ವಾ?"

"ಕೂತುಕೊಳ್ಳಿ ಅಣ್ಣಾ, ಪಂಕ್ತಿ ಇನ್ನೂ ಎದ್ದಿಲ್ಲ" ಎಂದಳು ರಶೀನಾ, ತಲೆ ಎತ್ತದೆ.

ದೀಪಶ್ರೀಯೂ ಒಂದು ಮೆಷಿನ್‌ಗೆ ಕೂತಳು. ಅವಳ ಹೊಲಿಗೆ ಘಾಟಿಯ ರಸ್ತೆಯಂತೆ ಸುತ್ತಿಕೊಂಡು ಹೋಯಿತು. "ಬಿಡು ಮಗಾ, ನೀನು ಬಡಿಸಬೇಡ, ಎಲೆ ಎಣಿಸು" ಎಂದು ಎಬ್ಬಿಸಿದೆ.

ಕಡೆಯ ಬ್ಯಾಗು ವಿನೋದಾಳ ಹತ್ತಿರ ನಿಂತಿತು. "ಜೇಬಿಲ್ಲ" ಎಂದಳು. ಎಲ್ಲರೂ ಹುಡುಕಿದರು. ಮೆಷಿನ್ ಕೆಳಗೆ, ಬುಟ್ಟಿಯಲ್ಲಿ, ಬಾಗಿಲ ಹಿಂದೆ. ಲತೇಶ್ ಎದ್ದು ನಿಂತ. ದೀಪಶ್ರೀಯ ಮುಖ ಬಿಳಿಚಿತು. ನಾನೂ ಹುಡುಕಲೆಂದು ಎದ್ದೆ. ಮಡಿಲಿನಿಂದ ಏನೋ ಜಾರಿ ನೆಲಕ್ಕೆ ಬಿತ್ತು. ಕೆಂಪು ಗಂಟಿನ ಜೇಬು.

ಆಗ ದೀಪಶ್ರೀ, ಆ ಸಪೂರ ದೇಹದಲ್ಲಿ ಅಷ್ಟು ದನಿ ಎಲ್ಲಿತ್ತೋ, ಕೂಗಿದಳು:

"ಅಜ್ಜೀ, ಉಪ್ಪೂ!"

ನಗುವಿಗೆ ಹಂಚು ಹಾರಲಿಲ್ಲ, ಅಷ್ಟೇ. ನಗುತ್ತಲೇ ಜೇಬು ವಿನೋದಾಳಿಗೆ ಹೋಯಿತು, ರಶೀನಾಳಿಗೆ ಹೋಯಿತು, ಬ್ಯಾಗಾಗಿ ಬಂತು. ಲತೇಶ್ ಅದರ ಕೈಪಟ್ಟಿಯನ್ನು ಹಗ್ಗ ಜಗ್ಗಿದ ಹಾಗೆ ಎಳೆದು ನೋಡಿದ. ಹರಿಯಲಿಲ್ಲ. ಒಳಗೆ ತಿರುಗಿಸಿ ಬಣ್ಣದ ಗಂಟುಗಳನ್ನು ನೋಡಿದ.

"ಇದೆಂತ ಮೇಡಂ?"

"ಬಡಿಸಿದವರ ಹೆಸರು" ಎಂದಳು ದೀಪಶ್ರೀ.

ಅವನು ಬ್ಯಾಗುಗಳನ್ನು ಪಿಕಪ್‌ಗೆ ತುಂಬಿಸಿದ. ಬಾಗಿಲಲ್ಲಿ ತಿರುಗಿ, "ಮಳೆಗಾಲಕ್ಕೆ ಇನ್ನೊಂದು ಲೋಡು ಬೇಕಾಗ್ತದೆ. ಮೆಷಿನ್ ಇಲ್ಲೇ ಇರಲಿ" ಎಂದ.

ಪಿಕಪ್ ಹೋದ ಮೇಲೆ ದೀಪಶ್ರೀ ನನ್ನ ಸ್ಟೂಲಿನಲ್ಲಿ ಕೂತಳು. ಕಣ್ಣು ಒದ್ದೆಯಾಗಿತ್ತು. ವಿನೋದಾ ಮನೆಯಿಂದ ಒಂದು ಲೋಟ ಪಾಯಸ ಮಾಡಿ ತಂದಿದ್ದಳು.

"ಅವತ್ತು ಬಿಟ್ಟು ಹೋದದ್ದು ಉಂಟಲ್ಲ, ಈಗ ಕುಡಿ" ಎಂದೆ. "ಸೋಮವಾರ ಮತ್ತೆ ಎಲೆ ಹಾಕ್ಲಿಕ್ಕೆ ಉಂಟು."