ಅಳದ ಕೊಲೆಗಾರ

“ಕೈ ತೆಗಿ. ಇದ್ದಾಗ ಅವರ ಹೆಗಲ ಮೇಲೆ ಕೂತಿದ್ದೋನು, ಹೋದ್ಮೇಲೆ ಹೆಗಲು ಕೊಡೋಕೆ ಬಂದ್ಯಾ?”

ಅಣ್ಣ ಪಿಸುಗುಟ್ಟಲಿಲ್ಲ. ಅಂಗಳದಲ್ಲಿ ನಿಂತವರಿಗಿರಲಿ, ಎದುರುಮನೆಯ ಮಹಡಿಯಲ್ಲಿ ಬಟ್ಟೆ ಒಣಹಾಕುತ್ತಿದ್ದ ಹೆಂಗಸಿಗೂ ಕೇಳಿಸುವಂತೆಯೇ ಹೇಳಿದ. ಅಪ್ಪನ ಚಟ್ಟದ ಹಿಡಿಗೆ ಕೈ ಹಾಕಿದ್ದ ಕಿರಿಯವನು ಬಗ್ಗಿದವನು ಬಗ್ಗಿದಂತೆಯೇ ಉಳಿದ.

“ಓದು ಅರ್ಧಕ್ಕೇ ಬಿಟ್ಟೆ. ಲೇತ್ ಕೆಲಸ ಹಿಡಿದೆ, ಅದನ್ನೂ ಬಿಟ್ಟೆ. ನಡುಗೋ ಕೈಯಲ್ಲಿ ಆ ದರಿದ್ರ ಕೊಲೆ ಪುಸ್ತಕ ಬರೆದು ಬರೆದು ಅಪ್ಪ ನಿನ್ನ ಹೊಟ್ಟೆ ಹೊರೆದ್ರು. ಇಷ್ಟು ಗಟ್ಟಿಮುಟ್ಟಾದ ಗಂಡಸಿನ ಹೊಟ್ಟೆ! ತುತ್ತು ಹೇಗೆ ಇಳೀತೋ ಗಂಟಲಲ್ಲಿ?”

“ಇರ್ಲಿ ಬಿಡಪ್ಪ, ಇವತ್ತು ಬೇಡ” ಎಂದರು ಯಾರೋ ಹಿರಿಯರು. ಬೇಡ ಎಂದವರೂ ಕಿರಿಯವನ ಮುಖದಿಂದ ಕಣ್ಣು ಕೀಳಲಿಲ್ಲ.

ಒಂದೇ ಮಾತು ಸಾಕಿತ್ತು. ಅದು ಅವನ ನಾಲಿಗೆಯ ತುದಿಗೆ ಬಂದೂ ಇತ್ತು. ಬಾಗಿಲಲ್ಲಿ ನಿಂತಿದ್ದ ಅಕ್ಕನಿಗೆ ಆ ಮಾತು ಯಾವುದೆಂದು ಗೊತ್ತಿತ್ತು. ಹೇಳಿಬಿಡು ಎಂಬಂತೆ ಕತ್ತು ಆಡಿಸಿದಳು. ಅವನು ಹಿಡಿ ಬಿಟ್ಟ. ಹಿಂದಕ್ಕೆ ನಡೆದು ಅಪ್ಪನ ಕಾಲಿನ ಕಡೆಯ ಹಿಡಿಗೆ ಕೈ ಹಾಕಿದ. ಅಲ್ಲಿಂದಲೂ ಅವನನ್ನು ಎಬ್ಬಿಸಲು ಅಣ್ಣನಿಗೆ ಪುರುಸೊತ್ತಿರಲಿಲ್ಲ. ವ್ಯಾನಿನ ಡ್ರೈವರ್ ಹಾರ್ನ್ ಹೊಡೆಯುತ್ತಿದ್ದ.

*

ಹಗಲು ಗೋದಾಮಿನ ಗುಮಾಸ್ತ, ಸಂಜೆ ಮನೆಗೆ ಬಂದು ಅಂಗಿ ಬಿಚ್ಚಿದರೆ ಕೊಲೆಗಾರ. ಅಪ್ಪನ ಬಗ್ಗೆ ಅಮ್ಮ ಹೇಳುತ್ತಿದ್ದ ಮಾತು ಇದು. ಊಟದ ಮೇಜು ಒರೆಸಿದ್ದು ಒಣಗುವ ಮೊದಲೇ ಅದರ ಮೇಲೆ ಹಾಳೆ ಹರಡುತ್ತಿತ್ತು. ಬಸ್ ನಿಲ್ದಾಣದ ಅಂಗಡಿಗಳಲ್ಲಿ ಹಗ್ಗಕ್ಕೆ ನೇತುಹಾಕಿ ಮಾರುತ್ತಾರಲ್ಲ, ಅಂಥ ಪತ್ತೇದಾರಿ ಕಾದಂಬರಿಗಳು. ಮುಖಪುಟದಲ್ಲಿ ಒಂದಿಷ್ಟು ರಕ್ತ, ಒಂದು ಪಿಸ್ತೂಲು. ಕತೆಯೊಳಗೆ ಪಿಸ್ತೂಲು ಇಲ್ಲದಿದ್ದರೂ ಮುಖಪುಟದ ಮೇಲೆ ಇರಲೇಬೇಕು. ಬರೆದದ್ದರ ಹತ್ತುಪಟ್ಟು ಅಪ್ಪ ಬೇರೆಯವರದ್ದನ್ನು ಓದುತ್ತಿದ್ದ. ಬಚ್ಚಲಿನ ಕಿಟಕಿಯಲ್ಲೂ ಒಂದು ಪುಸ್ತಕ ಕವುಚಿಕೊಂಡಿರುತ್ತಿತ್ತು.

ಅವನದೊಂದು ಪದ್ಧತಿ. ಹೆಣ ಹೇಗೆ ಬಿದ್ದಿದೆ ಎಂದು ಕಣ್ಣಾರೆ ಕಾಣದೆ ಒಂದು ಸಾಲೂ ಮುಂದೆ ಹೋಗುತ್ತಿರಲಿಲ್ಲ.

“ನಮ್ಮನೆ ಹೆಣ ಎಲ್ಲಿ? ಬಾರೋ, ಬಿದ್ಕೋ ಇಲ್ಲಿ.”

ಅಣ್ಣ ಒಂದು ಸಲ ಬಿದ್ದುಕೊಂಡಿದ್ದ. ಶಾಲೆಯಲ್ಲಿ ಹುಡುಗರು ಆಡಿಕೊಂಡರೆಂದು ಮತ್ತೆ ಆ ಕಡೆ ಸುಳಿಯಲಿಲ್ಲ. ಹಾಗಾಗಿ ಆ ಮನೆಯ ಅಷ್ಟೂ ಹೆಣಗಳು ಕಿರಿಯವನೇ.

“ಬೆನ್ನಿಗೆ ಚೂರಿ ಬಿದ್ದಿದೆ. ಎಡಗೈ ಮಡಚು. ಹಾಂ... ಲೋ, ಸತ್ತೋರು ಮೂಗು ಕೆರ್ಕೊಳ್ಳಲ್ಲ.”

“ಇರುವೆ ಕಣಪ್ಪ.”

“ಸತ್ತೋರಿಗೆ ಇರುವೆ ಏನು, ಆನೆ ತುಳಿದ್ರೂ ಗೊತ್ತಾಗಲ್ಲ. ಸುಮ್ನಿರು. ನಿನ್ನ ಯಾರು ಕೊಂದಿರ್ಬೋದು ಹೇಳು.”

“ಡಾಕ್ಟ್ರು.”

“ಯಾಕೆ?”

“ಅವನೊಬ್ಬನೇ ಎಲ್ಲರ ಹತ್ರನೂ ಚೆನ್ನಾಗಿ ಮಾತಾಡ್ತಾನೆ.”

ಅಪ್ಪ ಪೆನ್ಸಿಲನ್ನು ಕಿವಿಗೆ ಸಿಕ್ಕಿಸಿ ನಿಂತುಬಿಟ್ಟ. ಆ ಪುಸ್ತಕದಲ್ಲಿ ಕೊಂದವನು ಡಾಕ್ಟರೇ ಆದ.

*

ಚಿತಾಗಾರದಲ್ಲಿ ಇವರಿಗಿಂತ ಮೊದಲೇ ಒಂದು ಹೆಣ ಬಂದಿತ್ತು. ಗೋಡೆಗೆ ಒರಗಿಸಿದ ಸಿಮೆಂಟಿನ ಬೆಂಚುಗಳಲ್ಲಿ ಎಲ್ಲರೂ ಕಾಯುತ್ತ ಕೂತರು. ಮಾತು ಶುರು ಮಾಡಿದವನು ಬೀದಿಯ ತುದಿಯ ಕ್ಷೌರದ ಅಂಗಡಿಯವನು.

“ಏನು ಜನರನ್ನ ಕೊಂದ್ರಪ್ಪ ಈ ಮನುಷ್ಯ! ವಿಷ, ಚೂರಿ, ಬಾವಿ, ರೈಲು, ಒಂದಾ ಎರಡಾ? ತಾವು ಮಾತ್ರ ನಿದ್ದೆಯಲ್ಲೇ ಹೂ ಎತ್ತಿದ ಹಾಗೆ ಹೋದ್ರು.”

“ಪಾಪ ಎಲ್ಲಾ ಪುಸ್ತಕದಲ್ಲೇ ಮಾಡಿ ಮುಗಿಸಿದ್ರಲ್ಲ” ಎಂದ ಪಕ್ಕದವನು. ನಗು ಬಂದವರು ಕೆಮ್ಮಿ ಅದನ್ನು ಮುಚ್ಚಿಕೊಂಡರು. ಅಣ್ಣ ದುರುಗುಟ್ಟಿ ನೋಡಿದ.

“ನೀವು ಸಿಟ್ಟಾಗ್ಬೇಡಿ ಸಾರ್. ನಿಮಗೆ ಕೊಲೆ ಪುಸ್ತಕ, ನನ್ನ ಅಂಗಡೀಲಿ ಕಾಯೋ ಗಿರಾಕಿಗೆ ಅದೇ ಓದು. ಸುಳ್ಳು ಯಾಕೆ ಹೇಳ್ಲಿ, ಮಧ್ಯ ಒಂದಷ್ಟು ಸಪ್ಪೆ ಆಗಿತ್ತು. ಮುದುಕರು ಮುಗಿದ್ರು ಅಂದ್ಕೊಂಡೆ. ಆದ್ರೆ ಈ ಕೊನೇವು ಇದಾವಲ್ಲ, ಬೆಂಕಿ! ಓದ್ತಾ ಓದ್ತಾ ಒಬ್ಬನ ಅರ್ಧ ಮೀಸೆ ಹಾರಿಸ್ಬಿಟ್ಟೆ.” ಅವನು ಅಂಗೈಯಿಂದ ಕಣ್ಣು ಒತ್ತಿಕೊಂಡ. “ವಯಸ್ಸಾದ್ರೆ ಎಲ್ರೂ ಇಳೀತಾರೆ. ಈ ಮನುಷ್ಯ ಹತ್ತಿದ್ರು. ಗೆದ್ದು ಹೋದ್ರು ಕಣ್ರೀ.”

ಅಕ್ಕ ಕಿರಿಯವನ ತೋಳು ಚಿವುಟಿದಳು.

“ಕೇಳಿಸ್ತಾ? ಬೆಂಕಿ ಅಂತೆ. ಹೇಳೋ. ನೀನು ಹೇಳ್ದಿದ್ರೆ ನಾನು ಹೇಳ್ತೀನಿ.”

“ನೀನು ಬಾಯಿ ಬಿಟ್ರೆ ಈ ಜನ್ಮದಲ್ಲಿ ನಿನ್ನ ಮನೆ ಮೆಟ್ಟಿಲು ತುಳಿಯಲ್ಲ.”

“ಉಗಿಸ್ಕೊಳ್ಳೋದು ಅಂದ್ರೆ ಅಷ್ಟು ಇಷ್ಟನಾ ನಿಂಗೆ?”

“ಅಣ್ಣನ ಹಲ್ಲು ಉದುರಿಸ್ಬೇಕು ಅನ್ನಿಸ್ತಿದೆ. ಸುಮ್ನೆ ಕೂತ್ಕೋ ಅಕ್ಕ.”

*

ಅಪ್ಪನಿಗೆ ಮೊದಲು ಹೋದದ್ದು ಕೈ. ಅಪ್ಪ ಕತೆ ಹೇಳುತ್ತಿದ್ದ, ಕಿರಿಯವನು ಕೆಲಸದಿಂದ ಬಂದು ಬರೆಯುತ್ತಿದ್ದ. ಆಮೇಲೆ ನೆನಪು ಹೋಯಿತು. ಮೂರನೆಯ ಅಧ್ಯಾಯದಲ್ಲಿ ಸತ್ತವನು ಐದನೆಯದರಲ್ಲಿ ಬಂದು ಚಹಾ ಕುಡಿಯುತ್ತಿದ್ದ. ತೋರಿಸಿಕೊಟ್ಟರೆ ಅಪ್ಪ ಅತ್ತುಬಿಡುತ್ತಿದ್ದ. “ಮುಗೀತು ಕಣೋ, ನಂದು ಮುಗೀತು” ಎಂದು ಗೋಡೆಯ ಕಡೆ ತಿರುಗಿ ಮಲಗಿದವನು ಊಟ ಬಿಟ್ಟ.

ಕಿರಿಯವನು ಲೇತ್ ಕೆಲಸ ಬಿಟ್ಟು ಊಟದ ಮೇಜಿನ ಮೇಲೆ ಹಾಳೆ ಹರಡಿ ಕೂತ. ಯಾವಾಗಲಾದರೊಮ್ಮೆ ಬಂದು ಹೋಗುವ ಅಣ್ಣನಿಗೆ ಕಂಡದ್ದು ಅಷ್ಟೇ: ತಮ್ಮ ಮನೆಯಲ್ಲಿ ಕೂತಿದ್ದಾನೆ.

ಪುಸ್ತಕ ಅಪ್ಪನ ಹೆಸರಿನಲ್ಲಿ ಅಚ್ಚಾಗಿ ಬಂತು. ಕಿರಿಯವನು ಹಾಸಿಗೆಯ ಪಕ್ಕ ಕೂತು ಜೋರಾಗಿ ಓದಿದ. ಅರ್ಧಕ್ಕೆ ಬರುವಾಗ ಅಪ್ಪ ಈಚೆಗೆ ಹೊರಳಿದ್ದ.

“ಇದು ಯಾರು ಬರೆದದ್ದು?”

“ಇನ್ಯಾರು ಬರೀತಾರೆ? ನೀನೇ. ಹೆಸರು ನೋಡು.”

ಅಪ್ಪ ತನ್ನ ಹೆಸರಿನ ಮೇಲೆ ಬೆರಳಾಡಿಸಿದ. ಒಂದೊಂದೇ ಅಕ್ಷರ ಮುಟ್ಟಿದ.

“ನಾನೇ? ಪರವಾಗಿಲ್ವೋ! ಮುದುಕನ ಹತ್ರ ಇನ್ನೂ ಸರಕಿದೆ.” ಆಮೇಲೆ ಹೇಳಿದ: “ಹಸಿವು ಕಣೋ. ಏನಾದ್ರೂ ತಾ.”

ಎದ್ದು ಕೂತು ತಿಂದ. ಆಮೇಲೆ ಬಂದ ಪ್ರತಿ ಪುಸ್ತಕಕ್ಕೂ ಹಾಗೆಯೇ ಎದ್ದು ಕೂರುತ್ತಿದ್ದ.

*

ಒಳಗೆ ಗಂಟೆ ಬಾರಿಸಿ ಕರೆದರು. ಕಬ್ಬಿಣದ ಬಾಗಿಲು ಅಪ್ಪನನ್ನು ಒಳಗೆ ಎಳೆದುಕೊಂಡು ಮುಚ್ಚಿತು. ಎಲ್ಲರೂ ಹೊರಗೆ ಬರುವ ಹೊತ್ತಿಗೆ ಪ್ರಕಾಶಕ ಏದುಸಿರು ಬಿಡುತ್ತ ಬಂದ. ತಡವಾಗಿದ್ದಕ್ಕೆ ಅಣ್ಣನ ಕೈ ಹಿಡಿದು ಏನೋ ಹೇಳಿ, ನೇರ ಕಿರಿಯವನ ಮುಂದೆ ಬಂದು ನಿಂತ. ಜೀವನವಿಡೀ ಅಚ್ಚಿನ ಯಂತ್ರದ ಸದ್ದಿನ ಮೇಲೆ ಕೂಗಿಯೇ ಮಾತಾಡಿದವನು. ಗುಟ್ಟಾಗಿ ಮಾತಾಡಲು ಅವನಿಗೆ ಬರುತ್ತಿರಲಿಲ್ಲ.

“ನಿಮ್ಮಪ್ಪನ ಮೊದಲನೇ ಪುಸ್ತಕ ಹಾಕಿದಾಗ ನನ್ನ ತಲೇಲಿ ಕೂದಲಿತ್ತು. ಅವರ ಕೊಲೆಗಾರ ಕೊನೇ ಪುಟದಲ್ಲಿ ಅಳಲೇಬೇಕು. ಬೇಡ್ರೀ ಅಂತ ಜಗಳ ಆಡಿದೀನಿ. ‘ಪಾಪ, ಅವನಿಗೂ ತಾಯಿ ಇರ್ತಾಳಲ್ರೀ’ ಅನ್ನೋರು. ಈ ಕೊನೇವುಗಳಲ್ಲಿ ಒಬ್ಬನೂ ಅಳಲ್ಲ. ಹಲ್ಲು ಕಚ್ಕೊಂಡು ಹೋಗಿ ಪೊಲೀಸ್ ಜೀಪ್ ಹತ್ತುತ್ತಾನೆ.” ಅವನು ಕನ್ನಡಕ ಮೇಲಕ್ಕೆ ಸರಿಸಿದ. “ಬರೆದಿದ್ದು ನೀನು ತಾನೇ?”

ಅಣ್ಣ ತಟ್ಟನೆ ತಿರುಗಿದ. ಅಕ್ಕ ಸೆರಗಿನ ತುದಿ ಬಾಯಿಗೆ ಒತ್ತಿಕೊಂಡಳು.

“ಹೂಂ ಅನ್ನು ಸಾಕು. ಮುಂದಿನದು ನಿನ್ನ ಹೆಸರಲ್ಲೇ ತರ್ತೀನಿ. ಆ ಕೊನೇವಕ್ಕೂ ನಿನ್ನ ಹೆಸರೇ ಹಾಕಿಸ್ತೀನಿ.”

“ಇವನಾ?” ಅಣ್ಣನ ಧ್ವನಿ ಒಡೆದಿತ್ತು. “ಇವನು ಬರೆದ್ನಾ? ಲೋ, ಹೌದೇನೋ?”

ಕ್ಷೌರದ ಅಂಗಡಿಯವನು ಹತ್ತಿರ ಬಂದ. ಅವನು ಯಾರನ್ನೂ ಗದರಲಿಲ್ಲ. ನಂಬಿದ್ದವರೇ ಕೈಕೊಟ್ಟಾಗ ನೋಡುವಂತೆ ನೋಡಿದ.

“ಹಂಗಾದ್ರೆ ಅವರದ್ದು... ಆ ಸಪ್ಪೆ ಆಗಿತ್ತಲ್ಲ, ಅಲ್ಲಿಗೇ ಮುಗಿದಿತ್ತಾ?”

‘ಗೆದ್ದು ಹೋದ್ರು’ ಎಂದು ಕಣ್ಣು ಒತ್ತಿಕೊಂಡಿದ್ದ ಅವನನ್ನೇ ಕಿರಿಯವನು ನೋಡಿದ. ಆಮೇಲೆ ಮೆಟ್ಟಿಲಿಳಿದು ಚಪ್ಪಲಿ ಮೆಟ್ಟಿಕೊಂಡ.

“ಕೇಳಿದ್ದಕ್ಕೆ ಉತ್ತರ ಹೇಳಿ ಹೋಗೋ!” ಎಂದು ಅಣ್ಣ ಹಿಂದಿನಿಂದ ಕೂಗಿದ.

ಗೇಟಿನಲ್ಲಿ ಇನ್ನೊಂದು ಹೆಣದ ವ್ಯಾನು ಒಳಗೆ ಬರುತ್ತಿತ್ತು. ಕಿರಿಯವನು ಗೋಡೆಗೆ ಬೆನ್ನು ಒತ್ತಿ ಅದಕ್ಕೆ ದಾರಿ ಬಿಟ್ಟ. ಅದು ಹಾದುಹೋದ ಮೇಲೆ ರಸ್ತೆಗಿಳಿದು ನಡೆದ.